ರಕ್ತಪಿಶಾಚಿ ಸಪ್ತಾಹ

"ನೋಡ್ತಾ ಇರಿ! ಏಷ್ಯಾ ಖಂಡದಲ್ಲಿ ಎಷ್ಟು ರಕ್ತಪಿಶಾಚಿಗಳಿವೆಯೋ ಅಷ್ಟನ್ನೂ ಒಂದೇ ವಾರದಲ್ಲಿ ಮುಗಿಸಿಬಿಡ್ತೀನಿ!"

ಆಸ್ಪತ್ರೆಯ ರಕ್ತಪರೀಕ್ಷೆ ಕೋಣೆಯಲ್ಲಿ ನಿಂತು, ಕೈಗವಸು ಕಳಚುತ್ತ, ಸೂಜಿರಾಯರು ಹೀಗೊಂದು ಘೋರ ಪ್ರತಿಜ್ಞೆ ಮಾಡಿದರು. ಸೂಜಿರಾಯರು ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷ ರೋಗಿಗಳ ತೋಳಿನಿಂದ ರಕ್ತ ತೆಗೆದು ಸಂಪಾದಿಸಿದ ಬಿರುದು. ಅದನ್ನು ಅವರು ಪದವಿಯ ಹಾಗೆ ಹೊತ್ತು ತಿರುಗುತ್ತಿದ್ದರು. "ಒಂದೇ ಚುಚ್ಚಿಗೆ ನರ ಸಿಗಬೇಕು ಕಣ್ರೀ. ಎರಡನೇ ಸಲ ಚುಚ್ಚೋನು ಟೆಕ್ನೀಷಿಯನ್ ಅಲ್ಲ, ಸೊಳ್ಳೆ!" ಎಂಬುದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವರು ಮಾಡುತ್ತಿದ್ದ ಮೊದಲ ಉಪದೇಶ.

ಸ್ಟಾಫ್ ರೂಮಿನ ಗೋಡೆಪತ್ರಿಕೆ ನಡೆಸುವವರು ಹೆಡ್ ನರ್ಸು. ತಿಂಗಳಿಗೊಬ್ಬರು 'ನೋಡಲೇಬೇಕಾದ ಹತ್ತು' ಎಂದು ಸಿನಿಮಾ ಪಟ್ಟಿ ಬರೆದು ಅಂಟಿಸಬೇಕು. ಹೋದ ತಿಂಗಳು ಎಕ್ಸ್-ರೇ ಕೋಣೆಯವನು ಪ್ರೇಮಕಥೆಗಳ ಪಟ್ಟಿ ಕೊಟ್ಟು ನಾಲ್ಕು ಜನರ ಕಣ್ಣಲ್ಲಿ ನೀರು ತರಿಸಿದ್ದ. ಅದನ್ನು ನೋಡಿ ರಾಯರ ಹೊಟ್ಟೆ ಉರಿದಿತ್ತು. ಈ ತಿಂಗಳ ಸರದಿ ಅವರದು, ವಿಷಯ ಏಷ್ಯಾದ ರಕ್ತಪಿಶಾಚಿ ಚಿತ್ರಗಳು.

"ರಕ್ತಪಿಶಾಚಿಗಳಾ? ಭಯ ಆಗಲ್ವಾ ನಿಮಗೆ?" ಎಂದರು ಹೆಡ್ ನರ್ಸು.

"ನನಗಾ? ಅವು ಕತ್ತು ಕಚ್ಚಿ ಅರ್ಧ ಲೀಟರ್ ನೆಲಕ್ಕೆ ಚೆಲ್ಲಾಡ್ತವೆ. ನಾನು ಒಂದು ಹನಿ ಬೀಳಿಸಿದ್ದು ಯಾರಾದ್ರೂ ನೋಡಿದ್ದೀರಾ? ಅವೇ ನನ್ನ ಹತ್ರ ಟ್ರೈನಿಂಗಿಗೆ ಬರ್ಬೇಕು!"

ಎಲ್ಲರೂ ನಕ್ಕರು. ರಾಯರೂ ನಕ್ಕರು. ಆದರೆ ಒಂದು ವಾರದ ರಜೆ ಅವರು ಬರೆದುಕೊಟ್ಟದ್ದು ಪಿಶಾಚಿಗಳಿಗಾಗಿ ಅಲ್ಲ. ಮನೆಯಲ್ಲಿ ಅತ್ತೆ ಒಂದು ತಿಂಗಳಲ್ಲಿ ಎರಡು ಸಲ ತಲೆಸುತ್ತಿ ಬಿದ್ದಿದ್ದರು. ಹೆಂಡತಿಗೆ ರಜೆ ಸಿಗಲಿಲ್ಲ. ಹಗಲು ಹೊತ್ತು ಯಾರಾದರೂ ಒಬ್ಬರು ಮನೆಯಲ್ಲಿ ಇರಲೇಬೇಕಿತ್ತು. ತನ್ನ ಮುಖ ಕಂಡರೆ ಗೋಡೆಗೆ ತಿರುಗಿಕೊಳ್ಳುವ ಅತ್ತೆಯನ್ನು ಏಳು ದಿನ ಕಾಯಬೇಕು ಎಂದು ಹೇಳುವುದಕ್ಕಿಂತ ಏಷ್ಯಾ ಖಂಡವನ್ನು ಜಯಿಸುತ್ತೇನೆ ಎನ್ನುವುದೇ ಮರ್ಯಾದೆಯ ಮಾತು ಅಂತ ಅವರಿಗೆ ಅನ್ನಿಸಿತ್ತು.

ಅತ್ತೆ ಆ ಮನೆಗೆ ಬಂದು ನಾಲ್ಕು ತಿಂಗಳು. ಮಾವ ತೀರಿಕೊಂಡ ಮೇಲೆ ಒಂದು ಪೆಟ್ಟಿಗೆ, ಮಾವನ ಕನ್ನಡಕ ಇಷ್ಟನ್ನೇ ತಂದಿದ್ದರು. ಕನ್ನಡಕ ಟಿವಿಯಿರುವ ಹಾಲ್‌ನ ಗಾಜಿನ ಷೋಕೇಸಿನಲ್ಲಿ, ಅತ್ತೆ ಆ ಷೋಕೇಸಿನ ಪಕ್ಕದ ಮಂಚದಲ್ಲಿ. ದಿನವಿಡೀ ಷೋಕೇಸಿನ ಕಡೆ ಮುಖ, ಹಾಲಿನ ಕಡೆ ಬೆನ್ನು. ಆ ಹಾಲೂ ಅಷ್ಟಕ್ಕಷ್ಟೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಅದರ ಮೇಲೊಂದು ನೀರಿನ ಪೈಪು. ಬೆಳಕು ಹನ್ನೊಂದಕ್ಕೆ ಬಂದರೆ ಎರಡಕ್ಕೆ ಹೊರಟುಹೋಗುತ್ತಿತ್ತು.

ಅಳಿಯನ ಜೊತೆ ಅತ್ತೆಗೆ ಮಾತಿಲ್ಲ. ರಾಯರು ಮೂರಡಿ ದೂರದಲ್ಲಿ ನಿಂತಿದ್ದರೂ, "ನಿನ್ನ ಯಜಮಾನ್ರಿಗೆ ಹೇಳು, ಫ್ಯಾನು ನಿಲ್ಲಿಸ್ಲಿ ಅಂತ" ಎಂದು ಮಗಳಿಗೇ ಹೇಳುತ್ತಿದ್ದರು. ಕಾರಣ ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಆಡಿದವರಿಲ್ಲ. ಮಾವ ಆರು ವಾರ ಆಸ್ಪತ್ರೆಯಲ್ಲಿದ್ದರು. ಪ್ರತಿದಿನ ಬೆಳಿಗ್ಗೆ ಆರಕ್ಕೆ ಅವರ ರಕ್ತ ತೆಗೆದದ್ದು ಈ ಅಳಿಯನೇ. ಅತ್ತೆ ಸ್ಟೂಲಿನ ಮೇಲೆ ಕೂತು ಮುಖ ತಿರುಗಿಸಿಕೊಳ್ಳುತ್ತಿದ್ದರು. ಕೊನೆಯ ದಿನವೂ ಆರಕ್ಕೆ ರಾಯರು ಬಂದು ಹೋದರು, ಒಂಬತ್ತಕ್ಕೆ ಮಾವ ಹೋದರು. ಆಮೇಲೆ ಮಾತಾಡಿಸಲು ಬಂದ ನೆಂಟರೊಬ್ಬರ ಹತ್ತಿರ ಅತ್ತೆ ಅಂದರು: "ದಿನಾ ತೆಗೆದ್ರು. ಕೊನೆಗೆ ತೆಗೆಯೋಕೆ ಏನೂ ಉಳೀಲಿಲ್ಲ." ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ರಾಯರಿಗೆ ಅದು ಕೇಳಿಸಿತು. ಅವತ್ತಿನಿಂದ ಅವರಿಗೆ ಆ ಮನೆಯಲ್ಲಿ ತಾನೇ ಬಾಡಿಗೆಗೆ ಇದ್ದ ಹಾಗಾಗಿತ್ತು.

ಈಗ ಅತ್ತೆಯ ರಕ್ತ ಪರೀಕ್ಷೆ ಆಗಬೇಕೆಂದು ಡಾಕ್ಟರು ಚೀಟಿ ಬರೆದಿದ್ದರು. ಚೀಟಿ ಮೂರು ವಾರದಿಂದ ಫ್ರಿಜ್ಜಿನ ಬಾಗಿಲಲ್ಲೇ ನೇತಾಡುತ್ತಿತ್ತು. "ಈ ಮನೆಯಿಂದ ತೆಗೆದಿದ್ದು ಸಾಕು" ಎಂದುಬಿಟ್ಟಿದ್ದರು ಅತ್ತೆ. ಇನ್ನೊಂದು ಸಲ ಬಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರು ರಾಯರ ಕಿವಿಯಲ್ಲಿ ಹೇಳಿದ್ದರು. ರಾಯರು ಅದನ್ನು ಹೆಂಡತಿಗೆ ಹೇಳಿರಲಿಲ್ಲ.

ಹೆಂಡತಿಯ ಕೆಲಸವನ್ನೂ ಹೇಳಿಬಿಡಬೇಕು. ಅವಳು ಕೃತಕ ಹಲ್ಲು ತಯಾರಿಸುವವಳು. ಗಂಡ ರಕ್ತ ತೆಗೆಯುತ್ತಾನೆ, ಹೆಂಡತಿ ಹಲ್ಲು ಮಾಡುತ್ತಾಳೆ. ಇಂಥ ಮನೆಗೆ ಹೊರಗಿನಿಂದ ಪಿಶಾಚಿ ಬೇರೆ ಬೇಕೆ! ಅಮ್ಮನಿಗಾಗಿ ಅವಳು ನಾಲ್ಕು ವಾರ ಕೂತು ಒಂದು ಹಲ್ಲಿನ ಸೆಟ್ಟು ಮಾಡಿದ್ದಳು. ಅಪ್ಪನ ಪಕ್ಕದಲ್ಲಿ ಅಮ್ಮ ನಗುತ್ತಿರುವ ಹಳೆಯ ಫೋಟೋ ಒಂದನ್ನು ಎದುರಿಗಿಟ್ಟುಕೊಂಡು, ಮುಂದಿನ ಹಲ್ಲೊಂದು ಎಷ್ಟು ಓರೆಯಿತ್ತೋ ಅಷ್ಟೇ ಓರೆ ಕೂರಿಸಿದ್ದಳು. ಅಮ್ಮ ಒಂದು ಸಲ ಹಾಕಿ ತೆಗೆದಿಟ್ಟರು. "ಉದ್ದ ಆಯ್ತು ಕಣೇ, ಕಚ್ಚಿದ್ರೆ ತಾಗುತ್ತೆ." ಅಲ್ಲಿಂದ ಸೆಟ್ಟು ಬಚ್ಚಲಿನ ಹಲಗೆಯ ಮೇಲೆ ನೀರಿನ ಬಟ್ಟಲಲ್ಲಿ, ಅಮ್ಮ ಹಾಲಲ್ಲಿ ನೆನೆಸಿದ ಬ್ರೆಡ್ಡಿನಲ್ಲಿ. ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಇಲ್ಲಿ ಎರಡೂ ಇತ್ತು, ತಿನ್ನುವ ಮನಸ್ಸೇ ಇರಲಿಲ್ಲ.

"ಸೋಮವಾರ ಲ್ಯಾಬಿಗೆ ತಗೊಂಡು ಹೋಗಿ ಕೂದಲೆಳೆಯಷ್ಟು ಉಜ್ಜಿ ತರ್ತೀನಿ. ಇಲ್ಲ, ಸೋಮವಾರ ಕೆಲಸ ಜಾಸ್ತಿ, ಮಂಗಳವಾರ" ಎಂದಳು ಹೆಂಡತಿ. "ನೀವು ಅಮ್ಮನ್ನ ಸ್ವಲ್ಪ ನೋಡ್ಕೊಳ್ಳಿ. ಟಿವಿ ನೋಡೋದೇ ಕೆಲಸ ಮಾಡ್ಕೋಬೇಡಿ!"

"ಎರಡು ಕಣ್ಣಿದೆ ಕಣೇ. ಒಂದು ಅತ್ತೆ ಮೇಲೆ, ಒಂದು ಟಿವಿ ಮೇಲೆ!"

ಸಪ್ತಾಹ ಶುರುವಾಯಿತು. ಪರದೆ ಎಳೆದು, ನೋಟ್‌ಬುಕ್ಕು ತೊಡೆಯ ಮೇಲಿಟ್ಟು, ರಾಯರು ಹಾಂಕಾಂಗಿನಿಂದ ದಿಗ್ವಿಜಯ ಹೊರಟರು. ಅಲ್ಲಿಯ ಪಿಶಾಚಿಗಳು ಕೈ ಮುಂದೆ ಚಾಚಿ, ಕಾಲು ಜೋಡಿಸಿ, ಕುಪ್ಪಳಿಸಿಕೊಂಡು ಬರುತ್ತವೆ. ಹಣೆಗೆ ಹಳದಿ ಚೀಟಿ ಅಂಟಿಸಿದರೆ ನಿಂತಲ್ಲೇ ನಿಲ್ಲುತ್ತವೆ. "ಲೇಬಲ್ ಇಲ್ಲದೆ ಯಾವ ಕೆಲಸಾನೂ ಆಗಲ್ಲ ಅಂತ ನಾನು ಬಡ್ಕೊಳ್ತಾನೇ ಇದ್ದೀನಿ!" ಎಂದು ರಾಯರು ಐದಕ್ಕೆ ನಾಲ್ಕು ಸೂಜಿ ಕೊಟ್ಟರು. ಚಿತ್ರಕ್ಕೆ ನಕ್ಷತ್ರ ಕೊಡುವುದು ಹಳೆಯ ಪದ್ಧತಿ, ರಾಯರದು ಸೂಜಿ.

ಇನ್ನೊಂದು ವಿಷಯ. ಉಸಿರು ಬಿಗಿ ಹಿಡಿದರೆ ಆ ಪಿಶಾಚಿಗಳಿಗೆ ಮನುಷ್ಯ ಇರುವುದೇ ತಿಳಿಯುವುದಿಲ್ಲ. ತಾನೆಷ್ಟು ಹೊತ್ತು ಹಿಡಿದೇನು ಎಂದು ರಾಯರು ಪರೀಕ್ಷಿಸತೊಡಗಿದರು. ನಲವತ್ತನೇ ಸೆಕೆಂಡಿಗೆ ಫೋನು ಬಂತು.

"ರೀ, ಅಮ್ಮ ತಿಂದ್ಲಾ?"

ರಾಯರು ಫೋನು ಎತ್ತಿದರು, ಉಸಿರು ಬಿಡಲಿಲ್ಲ. ದಾಖಲೆ ಮುರಿಯಲು ಇನ್ನು ಹತ್ತೇ ಸೆಕೆಂಡು!

"ರೀ? ಯಾಕ್ ಮಾತಾಡ್ತಿಲ್ಲ? ಅಮ್ಮ... ರೀ! ಏನಾಯ್ತು ಹೇಳ್ರೀ!"

ಐವತ್ತನೇ ಸೆಕೆಂಡಿಗೆ ರಾಯರು ಬುಸ್ಸೆಂದು ಬಿಟ್ಟ ಉಸಿರು ಫೋನಿನಲ್ಲಿ ಬಿಕ್ಕಳಿಕೆಯಂತೆ ಕೇಳಿತು. ಲೈನು ಕಟ್ಟಾಯಿತು. ಇಪ್ಪತ್ತು ನಿಮಿಷಕ್ಕೆ ಹೆಂಡತಿ ಏಪ್ರನ್ನಿನಲ್ಲೇ, ಕೈತುಂಬ ಬಿಳಿ ಪುಡಿ ಮೆತ್ತಿಕೊಂಡು, ಅಳುತ್ತ ಮೆಟ್ಟಿಲು ಹತ್ತಿ ಬಂದಳು. ಅಮ್ಮ ನೆಮ್ಮದಿಯಾಗಿ ಷೋಕೇಸು ನೋಡುತ್ತ ಮಲಗಿದ್ದರು.

ಅರ್ಧ ದಿನದ ಕೆಲಸ ಹಾಳಾಯಿತು. ಹಿಂದೆ ಬಿದ್ದ ಕೆಲಸ ವಾರವೆಲ್ಲ ಬಾಕಿ ಎಂದಾಯಿತು. "ಅಮ್ಮನ ಹಲ್ಲು ಇನ್ನು ಮುಂದಿನ ವಾರಾನೇ. ನಿಮ್ಮ ಉಸಿರಿನ ದಯೆ!" ಎಂದು ಹೆಂಡತಿ ಬಾಗಿಲು ಹಾಕಿಕೊಂಡಳು. ರಾಯರ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಮಂಗಳವಾರ ಆಗ್ನೇಯ ಏಷ್ಯಾದ ದ್ವೀಪವೊಂದರ ಚಿತ್ರ. ಅಲ್ಲಿಯ ಪಿಶಾಚಿಯ ತಲೆ ಕರುಳಿನ ಸಮೇತ ಕಿತ್ತುಕೊಂಡು ಹಾರುತ್ತದೆ, ಮುಂಡ ಮನೆಯಲ್ಲೇ ಕಾಯುತ್ತದೆ. ರಜೆಯ ಮೇಲೆ ಹೋದವರ ಕೆಲಸ ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತಮ ಪರಿಹಾರ, ಮೂರು ಸೂಜಿ. ಬುಧವಾರ ಬೆಳಿಗ್ಗೆ ಜಪಾನಿನದು. ಹಿಮ ಬೀಳುವ ಊರಲ್ಲಿ ಪಿಶಾಚಿಯೊಂದು ಕ್ಷೌರದಂಗಡಿ ಇಟ್ಟುಕೊಂಡಿದೆ. ಎರಡು ಗಂಟೆಯಲ್ಲಿ ಒಬ್ಬರನ್ನೂ ಕಚ್ಚುವುದಿಲ್ಲ, ಕತ್ತು ನೋಡಿ ನೋಡಿ ನಿಟ್ಟುಸಿರು ಬಿಡುತ್ತದೆ. ಆ ನಿಟ್ಟುಸಿರು ರಾಯರ ಮನಸ್ಸಿಗೆ ಹತ್ತಿರವಾಯಿತು. ಅವರೂ ಮೂರು ದಿನದಿಂದ ಅತ್ತೆಯ ತೋಳನ್ನು ದೂರದಿಂದ ನೋಡಿ ಅದನ್ನೇ ಮಾಡುತ್ತಿದ್ದರು. ಸೆರಗಿನಿಂದ ಆಚೆ ಬಂದ ಆ ತೋಳು ದಿನದಿಂದ ದಿನಕ್ಕೆ ಕೃಶವಾಗುತ್ತಿತ್ತು.

ಮಧ್ಯಾಹ್ನ ಕೊರಿಯಾದ ಧಾರಾವಾಹಿ ಹಿಡಿದರು. ಹದಿನಾರು ಕಂತು. ಲಾಂಡ್ರಿ ಇಟ್ಟುಕೊಂಡಿರುವ ಒಬ್ಬ ರಕ್ತಪಿಶಾಚಿ. ಸತ್ತುಹೋದ ಹೆಂಡತಿ ಮತ್ತೆ ಹುಟ್ಟಿ ಬರುತ್ತಾಳೆಂದು ಇನ್ನೂರು ವರ್ಷದಿಂದ ಕಾಯುತ್ತ, ಅವಳ ಒಂದು ರವಿಕೆಯನ್ನು ದಿನಾ ಒಗೆದು, ದಿನಾ ಇಸ್ತ್ರಿ ಮಾಡಿ ಮಡಚಿಡುತ್ತಾನೆ. ರಾಯರು ಎರಡು ಕಂತಿನಲ್ಲಿ ನೋಟ್‌ಬುಕ್ಕು ಮರೆತರು. ಹಿಂದಿನಿಂದ ಮಂಚ ಕಿರುಗುಟ್ಟಿದ್ದನ್ನೂ ಕೇಳಿಸಿಕೊಳ್ಳಲಿಲ್ಲ.

ಗುರುವಾರ ಬೆಳಿಗ್ಗೆ ಅತ್ತೆ ಬ್ರೆಡ್ಡನ್ನೂ ಅರ್ಧ ಬಿಟ್ಟರು. ರಾಯರಿಗೆ ತಡೆಯಲಾಗಲಿಲ್ಲ. ಹಲ್ಲು ಸರಿಯಿದ್ದಿದ್ದರೆ ನಾಲ್ಕು ತುತ್ತು ತಿನ್ನುತ್ತಿದ್ದರು. ಹಲ್ಲು ಸರಿಯಾಗದ್ದು ತನ್ನ ಉಸಿರಿನಿಂದ. ಕೂದಲೆಳೆಯಷ್ಟು ಉಜ್ಜುವುದು ತಾನೆ? ಕಣ್ಣಿಗೆ ಕಾಣದ ನರ ಹುಡುಕುವ ಕೈಗೆ ಕಣ್ಣೆದುರಿನ ಹಲ್ಲು ಯಾವ ಲೆಕ್ಕ! ಹೆಂಡತಿಯ ಮೇಜಿನ ಡ್ರಾದಿಂದ ಸಣ್ಣ ಅರ ತಂದರು, ಬಟ್ಟಲಿನಿಂದ ಸೆಟ್ಟು ತಂದರು, ಒಂಬತ್ತನೇ ಕಂತು ಹಾಕಿದರು.

ಅಲ್ಲೇ ಎಡವಟ್ಟಾಯಿತು. ಟ್ಯೂಬು ಹಿಡಿದು ಹಿಡಿದು ಅಭ್ಯಾಸವಾದ ಕೈ. ಯಾವ ವಸ್ತುವನ್ನಾದರೂ ಎರಡು ತುದಿಯಲ್ಲಿ ಬೆರಳಿಟ್ಟೇ ಹಿಡಿಯುವುದು. ಮೇಲಿನ ಸೆಟ್ಟಿನ ಎರಡು ಕೋರೆಹಲ್ಲುಗಳು ಒಂದು ಹೆಬ್ಬೆರಳಿನ ಕೆಳಗೆ, ಇನ್ನೊಂದು ತೋರುಬೆರಳಿನ ಕೆಳಗೆ ಭದ್ರವಾಗಿ ಆಶ್ರಯ ಪಡೆದವು. ನಡುವಿನ ನಾಲ್ಕಕ್ಕೆ ಅರ ಬಿತ್ತು. ಬಲಗಡೆ ಚೂರು ಹೆಚ್ಚಾಯಿತು. ಎಡಗಡೆ ಸರಿಮಾಡಿದರು. ಎಡ ಕಮ್ಮಿಯಾಯಿತು. ಬಲ ಸರಿಮಾಡಿದರು. ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಕೋತಿಯ ನ್ಯಾಯ! ಅತ್ತ ಲಾಂಡ್ರಿಯವನ ಎದುರು, ಅದೇ ಮುಖದ ಒಬ್ಬ ಹುಡುಗಿ ರಸೀತಿ ಹಿಡಿದು ಬಂದು ನಿಂತಳು. ಅವಳಿಗೆ ಅವನ ಗುರುತೇ ಇಲ್ಲ. ರಾಯರ ಕಣ್ಣು ಟಿವಿಯಲ್ಲೇ ನೆಟ್ಟಿತು, ಕೈ ಮಾತ್ರ ನಿಲ್ಲಲಿಲ್ಲ. ಮೂರು ಕಂತು ಮುಗಿಯುವಷ್ಟರಲ್ಲಿ ತೊಡೆಯ ಮೇಲೆ ಬಿಳಿ ಹುಡಿ ಒಂದು ಚಮಚದಷ್ಟಿತ್ತು.

ಬೆರಳು ತೆಗೆದು ನೋಡಿದರು. ಟಿವಿಯಲ್ಲಿದ್ದ ಹಲ್ಲೇ ಅಂಗೈಯಲ್ಲಿತ್ತು! ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದರು. ಸದ್ದಿಲ್ಲದೆ ಸೆಟ್ಟನ್ನು ಬಟ್ಟಲಿಗೆ ಹಾಕಿ, ಮೇಲೆ ಒಂದು ತಟ್ಟೆ ಮುಚ್ಚಿ, ಇಡೀ ಸಂಜೆ ಯಾರೂ ಕೇಳದೆಯೇ ಪಾತ್ರೆ ತೊಳೆದರು.

ಶುಕ್ರವಾರ ಬೆಳಿಗ್ಗೆ ಬಚ್ಚಲಿನಿಂದ ಕೂಗು ಬಂತು.

"ಇದೇನ್ರೀ ಇದು?"

"ಅದೂ... ಉದ್ದ ಆಯ್ತು ಅಂದಿದ್ರಲ್ಲ ಅತ್ತೆ..."

"ಅದಕ್ಕೆ?"

"ಸ್ವಲ್ಪ ಉಜ್ಜಿದೆ."

"ಸ್ವಲ್ಪಾನಾ! ಇದು ಹಲ್ಲೇನ್ರೀ? ನಿಮ್ಮ ಪಟ್ಟಿಗೆ ಹನ್ನೊಂದನೇದು ಮಾಡಿಟ್ಟಿದ್ದೀರಲ್ಲ!"

ರಾಯರು ನಗಲು ನೋಡಿದರು. ಹೆಂಡತಿ ನಗುತ್ತಿರಲಿಲ್ಲ. ಸೆಟ್ಟು ಕೈಯಲ್ಲಿ ಹಿಡಿದು ಬಚ್ಚಲ ಹೊಸ್ತಿಲ ಮೇಲೆ ಕುಸಿದು ಕೂತಳು. "ಆ ಓರೆ ಹಲ್ಲು ಕೂರಿಸೋಕೆ ನಾಲ್ಕು ವಾರ ಹಿಡೀತು ಕಣ್ರೀ. ಅಪ್ಪನ ಪಕ್ಕ ನಿಂತು ನಕ್ಕಿದ್ಲಲ್ಲ ಅಮ್ಮ, ಆ ನಗು ಇನ್ನೊಂದು ಸಲ ನೋಡ್ಬೇಕಿತ್ತು ನನಗೆ. ಅಷ್ಟೇ. ಅದನ್ನೂ ಉಜ್ಜಿ ಹಾಕಿಬಿಟ್ರಿ." ರಾಯರಿಗೆ ನೆಲ ಬಿರಿದು ಒಳಗೆ ಎಳೆದುಕೊಂಡರೆ ಸಾಕು ಅನ್ನಿಸಿತು. ಅತ್ತೆಯ ಮನೆಯವರಿಂದ ತಾನು ತೆಗೆಯದೆ ಬಿಟ್ಟದ್ದು ಇನ್ನೇನೂ ಇಲ್ಲ ಎಂದು ಅವರಿಗೆ ಖಾತ್ರಿಯಾಯಿತು.

"ಕೊಡಿಲ್ಲಿ."

ಹಾಲ್‌ನಿಂದ ಬಂದ ಮಾತು. ಇಬ್ಬರೂ ತಿರುಗಿದರು. ಅತ್ತೆ ಮಂಚದ ಮೇಲೆ ಎದ್ದು ಕೂತು ಕೈ ಚಾಚಿದ್ದರು.

"ಅಮ್ಮ, ಬೇಡ, ಇದು ಕೆಟ್ಟುಹೋಗಿದೆ..."

"ಕೊಡೇ. ನಿನ್ನೆ ಮೂರು ಗಂಟೆ ಉಜ್ಜಿದ್ದು ನೋಡಿದ್ದೀನಿ. ಅಷ್ಟು ಕಷ್ಟಪಟ್ಟಿದ್ದಾರೆ, ಒಂದು ಸಲ ಹಾಕಿಯಾದ್ರೂ ನೋಡ್ತೀನಿ."

ಅತ್ತೆ ಬೆನ್ನು ತಿರುಗಿಸಿಕೊಂಡೇ ಇದ್ದರಲ್ಲ, ನೋಡಿದ್ದು ಹೇಗೆ? ರಾಯರು ಷೋಕೇಸಿನತ್ತ ನೋಡಿದರು. ಗಾಜಿನಲ್ಲಿ, ಮಾವನ ಕನ್ನಡಕದ ಸುತ್ತ, ಇಡೀ ಕೋಣೆ ಸ್ಪಷ್ಟವಾಗಿ ಮೂಡಿತ್ತು. ಟಿವಿ, ಸೋಫಾ, ಸೋಫಾದ ಮೇಲಿನ ತಾನು. ಐದು ದಿನದಿಂದ ಅತ್ತೆ ಹಾಂಕಾಂಗಿನಿಂದ ಕೊರಿಯಾವರೆಗೆ ಎಲ್ಲವನ್ನೂ ಗಾಜಿನಲ್ಲಿ ನೋಡಿದ್ದರು.

ಅತ್ತೆ ಸೆಟ್ಟು ಹಾಕಿಕೊಂಡು ಅದೇ ಗಾಜಿಗೆ ಹಲ್ಲು ತೋರಿಸಿದರು. ಎರಡು ಕೋರೆ ತುಟಿಯ ಮೇಲೆ ಕೂತವು. ಬಹಳ ಹೊತ್ತು ನೋಡಿದರು. ನಕ್ಕರೋ ಅತ್ತರೋ ಹೇಳುವುದು ಕಷ್ಟ, ಭುಜ ಮಾತ್ರ ಕುಲುಕಿತು. ಆಮೇಲೆ ನಾಲ್ಕು ತಿಂಗಳಲ್ಲಿ ಮೊದಲ ಸಲ ಅಳಿಯನ ಮುಖ ನೋಡಿ ಕೇಳಿದರು:

"ಆ ಲಾಂಡ್ರಿಯವನು ಕೊನೆಗೆ ಏನಾದ?"

"ಇನ್ನೂ... ಐದು ಕಂತು ಇದೆ ಅತ್ತೆ."

"ಮತ್ತೇನು ನೋಡ್ತಾ ನಿಂತಿದ್ದೀರಿ? ಹಾಕಿ."

ಹೆಂಡತಿ ಕಣ್ಣೊರೆಸಿಕೊಂಡು, ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿ ಕೆಲಸಕ್ಕೆ ಹೋದಳು. ಅತ್ತೆ ಸೋಫಾದ ಒಂದು ತುದಿಯಲ್ಲಿ, ರಾಯರು ಇನ್ನೊಂದು ತುದಿಯಲ್ಲಿ. ನಡುವೆ ಒಂದು ಪ್ಯಾಕೆಟ್ ಬಿಸ್ಕತ್ತು. ಅತ್ತೆ ಎರಡು ತಿಂದರು, ಕೋರೆಯಲ್ಲೇ ಮುರಿದು. ಕೊನೆಯ ಕಂತಿನಲ್ಲಿ ಆ ಹುಡುಗಿಗೆ ಬೇರೆ ಮನೆ, ಬೇರೆ ಬದುಕು ಇರುವುದು ಕಂಡು ಲಾಂಡ್ರಿಯವನು ರವಿಕೆಯನ್ನು ಒಂದು ಕವರಿಗೆ ಹಾಕಿ ಅವಳ ಕೈಗೆ ಕೊಡುತ್ತಾನೆ. ಯಾರದ್ದೆಂದು ಹೇಳುವುದಿಲ್ಲ. ಅಂಗಡಿಯ ಬಾಗಿಲು ತೆರೆದು, ಬಿಸಿಲಿಗೆ ನಡೆದುಹೋಗುತ್ತಾನೆ.

ಟಿವಿ ಆರಿದ ಮೇಲೂ ಇಬ್ಬರೂ ಕೂತೇ ಇದ್ದರು.

"ಅವತ್ತು ಬೆಳಿಗ್ಗೆ ನಾನು ಮುಖ ತಿರುಗಿಸ್ಕೊಂಡಿದ್ದೆ," ಎಂದರು ಅತ್ತೆ. "ತಿರುಗಿ ನೋಡಿದಾಗ ತೋಳಿನ ಮೇಲೆ ಹತ್ತಿ ಇತ್ತು. ಅಂಥ ದಿನಾನೂ ತೆಗೀಬೇಕಿತ್ತಾ ನೀವು?"

ರಾಯರು ಬಿಸ್ಕತ್ತಿನ ಪ್ಯಾಕೆಟ್ ಮಡಚಿ ಬದಿಗಿಟ್ಟರು.

"ತೆಗೀಲಿಲ್ಲ ಅತ್ತೆ. ನರ ಸಿಗಲಿಲ್ಲ, ಹುಡುಕೋಕೂ ಮನಸ್ಸು ಬರಲಿಲ್ಲ. ಆಗ ಮಾವನೇ ಕಣ್ಸನ್ನೆ ಮಾಡಿ ಹತ್ರ ಕರೆದು, ಸುಮ್ನೆ ಹತ್ತಿ ಅಂಟಿಸಿಬಿಡಿ ಅಂತ ಕಿವೀಲಿ ಪಿಸುಗುಟ್ಟಿದ್ರು. ಇವತ್ತು ತೆಗೀಲಿಲ್ಲ ಅಂತ ಗೊತ್ತಾದ್ರೆ ಅವಳು ಹೆದರ್ಕೊಳ್ತಾಳೆ ಅಂದ್ರು. ದಿನಾನೂ ಹೇಳೋರು, ನೋವಾಗಲಿಲ್ಲ ಅಂತ ಅವಳಿಗೆ ಹೇಳಿ ಅಂತ. ನೀವು ಮುಖ ತಿರುಗಿಸ್ಕೊಂಡಿರ್ತಿದ್ರಿ. ನಾನು ಹೇಳಲೇ ಇಲ್ಲ."

ಅತ್ತೆ ಎದ್ದು ಹೋಗಿ ಷೋಕೇಸಿನ ಮುಂದೆ ನಿಂತರು. ಬಾಗಿಲು ತೆರೆಯಲಿಲ್ಲ, ಗಾಜಿನ ಮೇಲೆ ಕೈ ಮಾತ್ರ ಇಟ್ಟರು. ಅವರು ಅತ್ತಿದ್ದು ರಾಯರಿಗೆ ಗಾಜಿನಲ್ಲಿ ಕಂಡಿತು. ಕೋರೆಹಲ್ಲಿನವರು ಅಳುವುದನ್ನು ಏಷ್ಯಾ ಖಂಡದ ಯಾವ ಚಿತ್ರದಲ್ಲೂ ಅವರು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆಯಬೇಕೆಂದು ಅವರಿಗೆ ಅನ್ನಿಸಲೂ ಇಲ್ಲ.

ಎಷ್ಟೋ ಹೊತ್ತಿನ ಮೇಲೆ ಅತ್ತೆ ಬಂದು ಕೂತು, ಸೆರಗು ಸರಿಸಿ, ತೋಳನ್ನು ಸೋಫಾದ ಕೈಯ ಮೇಲೆ ಚಾಚಿದರು.

"ಆ ಫ್ರಿಜ್ಜಿನ ಚೀಟಿ ತಗೊಂಡು ಬನ್ನಿ. ಒಂದೇ ಸಲ. ಅದೇನೋ ದೊಡ್ಡ ಹೆಸರಿದೆಯಲ್ಲ ನಿಮ್ಮದು."

ರಾಯರು ಓಡಿದರು. ಚೀಟಿ, ಚೀಲ, ಟ್ಯೂಬು, ಹತ್ತಿ. ರಬ್ಬರ್ ಪಟ್ಟಿ ಕಟ್ಟಿದರು. ಮಾವನ ತೋಳು ಹಿಡಿದ ಹಾಗೆಯೇ ಆ ತೋಳು ಹಿಡಿದರು. ನರ ಎದ್ದು ಕಾಣುತ್ತಿತ್ತು, ಕುರುಡರಿಗೂ ಸಿಗುವಂಥ ನರ! ಇಪ್ಪತ್ತೆರಡು ವರ್ಷದ ಬಿರುದನ್ನು ಮನಸ್ಸಿನಲ್ಲೇ ನೆನೆದು ಚುಚ್ಚಿದರು. ಅತ್ತೆ ಈ ಸಲ ಮುಖ ತಿರುಗಿಸಲಿಲ್ಲ, ನೆಟ್ಟ ದೃಷ್ಟಿಯಿಂದ ನೋಡುತ್ತಿದ್ದರು. ಟ್ಯೂಬಿಗೆ ಒಂದು ಹನಿಯೂ ಬರಲಿಲ್ಲ. ರಾಯರು ಸೂಜಿ ತೆಗೆದು, ಕಣ್ಣೊರೆಸಿಕೊಂಡು, ಇನ್ನೊಂದು ಸೂಜಿ ಬಿಚ್ಚಿ ಮತ್ತೆ ಚುಚ್ಚಿದರು. ನರ ಜಾರಿತು. ಮತ್ತೆ ಒಂದು ಹನಿಯೂ ಇಲ್ಲ!

ಸೂಜಿರಾಯರ ಹಣೆಯಲ್ಲಿ ಬೆವರೊಡೆಯಿತು. ಅವರು ಮೂರನೇ ಸೂಜಿಯ ಪೊಟ್ಟಣಕ್ಕೆ ಕೈ ಹಾಕುವಷ್ಟರಲ್ಲಿ ಅತ್ತೆ ಅವರ ಮಣಿಕಟ್ಟು ಹಿಡಿದು ನಿಲ್ಲಿಸಿದರು.

"ಸೂಜಿ ಆಚೆ ಇಡಿ ಅಳಿಯಂದ್ರೆ. ಇಷ್ಟು ಚೂಪಾಗಿ ಹಲ್ಲು ಮಾಡಿಕೊಟ್ಟಿದ್ದೀರಲ್ಲ, ನಾನೇ ಕಚ್ಚಿ ಟ್ಯೂಬಿಗೆ ತುಂಬಿಸಿ ಕೊಡ್ತೀನಿ!"